ಸೌಂಡ್ ಕಾರ್ಡಿನ ಆಯ್ಕೆಯೂ ಒಂದು ಗಮಕ ವಾಚನವೂ

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ನಿವೃತ್ತಿಯ ನಂತರವೂ ಪ್ರಶ್ನೆಗಳಿಂದ ಬಿಡುಗಡೆಯಿಲ್ಲ. ಇನ್ವರ್ಟರ್ ಯಾವುದು ಒಳ್ಳೆಯದು, ಸೋಲಾರ್ ಹೀಟರ್ ಎಷ್ಟು ಲೀಟರಿನದಿರಲಿ ಎಂದು ಕೇಳುವ ಹಳೆಯ ವಿದ್ಯಾರ್ಥಿಗಳ ಸಾಲಿಗೆ ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಸರ್, ಸಂಗೀತದ ಧ್ವನಿಮುದ್ರಣಕ್ಕೆ ಯಾವ ಸೌಂಡ್ ಕಾರ್ಡ್ ತೆಗೆದುಕೊಳ್ಳಲಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಇಲ್ಲಿಯೇ ಪೂರ್ತಿಯಾಗಿ ಬರೆದಿಡುವುದು ಲೇಸೆಂದು ತೋರಿತು. ಬರಿಯ ಸಿದ್ಧಾಂತವನ್ನು ಹೇಳಿದರೆ ನೀವು ಅಂದಿನಂತೆಯೇ ಇಂದೂ ಕಿಟಕಿಯಾಚೆ ನೋಡುವಿರಿ; ಆದ್ದರಿಂದ ಕಳೆದ ಕಾರ್ತಿಕ ಮಾಸದಲ್ಲಿ ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗದ ಜೊತೆಗೆ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲವನ್ನು ತೆಗೆದುಬಿಡೋಣ. ಸೌಂಡ್ ಕಾರ್ಡ್ ಎಂಬ ಮಾತು ಬಂದದ್ದು ಅದು ನಿಜಕ್ಕೂ ಕಾರ್ಡೇ ಆಗಿದ್ದ ಕಾಲದಲ್ಲಿ. ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರನ್ನು ಹೊರತಂದಾಗ ಅದರ ಮುಖ್ಯ ಉದ್ದೇಶ ಕಂಪ್ಯೂಟರ್ ಆಟಗಳಿಗೆ ದನಿ ಕೊಡುವುದಾಗಿತ್ತು. 1992ರ ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಸಿ.ಡಿ.ಯ ಅಳತೆಯ ಧ್ವನಿ ಮನೆಯ ಕಂಪ್ಯೂಟರಿಗೆ ಎಟುಕಿತು. ಇವೆಲ್ಲ ಕಂಪ್ಯೂಟರಿನ ಹೊಟ್ಟೆಯೊಳಗಣ ಸೀಳುಗಂಡಿಯಲ್ಲಿ ಕೂರುವ ಹಲಗೆಗಳು. ಇಂದು ಧ್ವನಿಮುದ್ರಣದವರು ಬಹುತೇಕ ಬಳಸುವುದು ಯು.ಎಸ್.ಬಿ. ತಂತಿಯಿಂದ ಹೊರಗಡೆ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನು. ಅದಕ್ಕೆ ಆಡಿಯೊ ಇಂಟರ್‌ಫೇಸ್ ಎಂದು ಹೆಸರು. ನಮ್ಮ ಹುಡುಗರು ಎರಡಕ್ಕೂ ಸೌಂಡ್ ಕಾರ್ಡ್ ಎಂದೇ ಅನ್ನುತ್ತಾರೆ. ನಾನೂ ಇಲ್ಲಿ ಕಾರ್ಡ್ ಎಂದೋ ಪೆಟ್ಟಿಗೆ ಎಂದೋ ಅನ್ನುವೆ.

ಪೆಟ್ಟಿಗೆ ಹೊರಗೆ ಬಂದುದಕ್ಕೆ ಕಾರಣವಿದೆ. ಕಂಪ್ಯೂಟರಿನ ಒಳಗೆ ಫ್ಯಾನು, ಪ್ರೊಸೆಸರು, ವಿದ್ಯುತ್ ಪೂರೈಕೆಯ ಮಂಡಲಗಳು ಎಲ್ಲವೂ ಸೇರಿ ಒಂದು ಸಂತೆಯನ್ನೇ ಎಬ್ಬಿಸಿರುತ್ತವೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟಿನ ಬಡಪಾಯಿ ಸಂಕೇತ. ಅದನ್ನು ಸಂತೆಯ ಮಧ್ಯೆ ನಿಲ್ಲಿಸಿ ಮಾತನಾಡು ಎಂದರೆ ಹೇಗೆ? ಜೊತೆಗೆ ಲ್ಯಾಪ್‌ಟಾಪಿನ ಸಣ್ಣ ಮೈಕ್ ರಂಧ್ರವು ಸ್ಟುಡಿಯೋದ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನು ಕೊಡಲಾರದು. ಹೀಗಾಗಿ ಸಂಗೀತವನ್ನು ವೃತ್ತಿಯಾಗಿ ಮುದ್ರಿಸುವವನಿಗೆ ಪ್ರತ್ಯೇಕ ಪೆಟ್ಟಿಗೆ ಬೇಕೇ ಬೇಕು. ಯಾವುದು ಎಂಬುದಷ್ಟೇ ಪ್ರಶ್ನೆ.

ಈಗ ಪ್ರಸಂಗಕ್ಕೆ ಬರುತ್ತೇನೆ. ನನ್ನ ಈ ವಿದ್ಯಾರ್ಥಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಸಂಸಾರ ನಡೆಸಿದವನು. ಆ ಅವಕಾಶಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದುದರಿಂದ, ಮನೆಯ ಹಿಂದಿನ ಕೋಣೆಯಲ್ಲೇ ಸಣ್ಣ ಸ್ಟುಡಿಯೋ ಮಾಡಿ ಭಾವಗೀತೆ, ಭಕ್ತಿಗೀತೆ, ಶಾಲೆಯ ಹಾಡುಗಳನ್ನು ಮುದ್ರಿಸಿಕೊಡುವ ಯೋಚನೆ ಮಾಡಿದ. ಹೆಂಡತಿಯ ಬಳೆಗಳನ್ನು ಅಡವಿಟ್ಟು 70,000 ರೂಪಾಯಿ ತಂದಿದ್ದ. ಮೊದಲ ಕೆಲಸವೂ ಮನೆಯಲ್ಲೇ ಕಾದಿತ್ತು. ಅವನ ಸೋದರತ್ತೆ ಗಮಕಿ, 84 ವರ್ಷ ವಯಸ್ಸು. ಕುಮಾರವ್ಯಾಸ ಭಾರತವನ್ನು ಐವತ್ತು ವರ್ಷ ಊರೂರಲ್ಲಿ ವಾಚಿಸಿದವರು. ಅವರ ಮಗಳು ಸಂಕ್ರಾಂತಿಗೆ ಮೊದಲು ಅವರನ್ನು ಪುಣೆಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಉಸಿರು ಮೊದಲಿನಂತೆ ನಿಲ್ಲುತ್ತಿರಲಿಲ್ಲ. ಚಳಿ ಹೆಚ್ಚಾದರೆ ಕೆಮ್ಮು. ಅವರ ವಾಚನ ಅದುವರೆಗೆ ಎಲ್ಲಿಯೂ ಸರಿಯಾಗಿ ಮುದ್ರಣಗೊಂಡಿರಲಿಲ್ಲ. ಇದ್ದದ್ದು ಆರೇಳು ವಾರ.

ಅವನು ತಂದು ತೋರಿಸಿದ ಪಟ್ಟಿಯ ತಲೆಯಲ್ಲಿ ಎಂಟು ಮೈಕುಗಳನ್ನು ಜೋಡಿಸಬಹುದಾದ ಪೆಟ್ಟಿಗೆಯೊಂದಿತ್ತು. 24 ಬಿಟ್, 192 ಕಿಲೋಹರ್ಟ್ಸ್, ಬೆಲೆ 48,000 ರೂಪಾಯಿ. ಉಳಿದ 22,000ದಲ್ಲಿ ಮೈಕು, ಹೆಡ್‌ಫೋನು, ಸ್ಟ್ಯಾಂಡು, ಕೇಬಲ್ಲು, ಡಿಸ್ಕು ಎಲ್ಲವೂ ಆಗಬೇಕು.

"ಅತ್ತೆಯವರಿಗೆ ಎಷ್ಟು ಬಾಯಪ್ಪಾ?" ಎಂದೆ.

"ಒಂದೇ ಸರ್" ಎಂದು ನಕ್ಕ.

"ವ್ಯಾಖ್ಯಾನ ಮಾಡುವವರು?"

"ಅವರೂ ಒಬ್ಬರೇ."

"ಹಾಗಾದರೆ ಎರಡು ಮೈಕು. ಉಳಿದ ಆರು ತೂತಿಗೆ ಏನು ಹಾಕುತ್ತೀ?"

ಗಮಕವೆಂದರೆ ವಾಚನ ಮಾಡುವವರೊಬ್ಬರು, ಅರ್ಥ ಹೇಳುವವರೊಬ್ಬರು. ಭಾವಗೀತೆಯನ್ನು ಮುದ್ರಿಸುವಾಗಲೂ ಈಗ ಒಂದೊಂದು ವಾದ್ಯವನ್ನು ಬೇರೆ ಬೇರೆಯಾಗಿ ಮುದ್ರಿಸಿ ಒಂದರ ಮೇಲೊಂದು ಸೇರಿಸುವುದೇ ರೂಢಿ. ಅದಕ್ಕೂ ಎರಡು ಸಾಕು. ಯಕ್ಷಗಾನದ ಹಿಮ್ಮೇಳವನ್ನು ಇದ್ದಂತೆಯೇ ಹಿಡಿಯಬೇಕೆಂದರೆ ಭಾಗವತರಿಗೆ, ಮದ್ದಳೆಗೆ, ಚೆಂಡೆಗೆ ಬೇರೆ ಬೇರೆ ಮೈಕು ಬೇಕು. ಕಚೇರಿಯೊಂದನ್ನು ಮುದ್ರಿಸುವುದಾದರೆ ಮೃದಂಗದ ಎರಡು ಮುಖಕ್ಕೇ ಎರಡು ಬೇಕಾದೀತು. ಅಂಥ ಕೆಲಸ ಕೈಯಲ್ಲಿರುವವನು ಎಂಟರದ್ದನ್ನು ಕೊಳ್ಳಲಿ. ಮುಂದೆಂದೋ ಬರಬಹುದೆಂಬ ಕೆಲಸಕ್ಕೆ ಇಂದೇ ಬಳೆ ಅಡವಿಡುವುದು ನನಗೆ ಸರಿಕಾಣಲಿಲ್ಲ.

ಎರಡನೆಯದು, ಆ 192ರ ಮೋಹ. ನೀವು ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ವಕ್ರರೇಖೆ ಎಳೆದುದು ನೆನಪಿದೆಯಷ್ಟೆ? ಕಾರ್ಡ್ ಮಾಡುವುದೂ ಅದನ್ನೇ. ಧ್ವನಿಯ ಅಲೆಯನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು ಅಂಕಿಯಾಗಿ ಬರೆದಿಡುತ್ತದೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಕುರಿತು ಬರೆದುದನ್ನೂ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದುದನ್ನೂ ಕೂಡಿಸಿ ನೋಡಿದರೆ ನಿಯಮ ಸರಳ: ಒಂದು ಆವರ್ತಾಂಕವನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ. ನನ್ನ ವಯಸ್ಸಿನವರಿಗೆ ಅದರಲ್ಲೂ ಸಾಕಷ್ಟು ಖೋತಾ. ಸಿ.ಡಿ.ಗೆ 44.1 ಕಿಲೋಹರ್ಟ್ಸ್ ಆಯ್ದದ್ದು ಇದೇ ಲೆಕ್ಕದಿಂದ. 48ರಲ್ಲಿ ಮುದ್ರಿಸಿದರೆ 24ರವರೆಗಿನ ಸ್ವರ ಸಿಗುತ್ತದೆ, 192ರಲ್ಲಿ 96ರವರೆಗಿನದು. ನಮ್ಮ ಶ್ರೋತೃಗಳಲ್ಲಿ ಬಾವಲಿಗಳು ಇಲ್ಲವಾದ್ದರಿಂದ ಆ ಮೇಲಿನ ಭಾಗ ಡಿಸ್ಕಿನಲ್ಲಿ ನಾಲ್ಕುಪಟ್ಟು ಜಾಗ ತಿನ್ನುವುದು ಬಿಟ್ಟರೆ ಇಂಥ ಕೆಲಸದಲ್ಲಿ ಬೇರೆ ಉಪಕಾರ ಮಾಡದು. ಸದ್ದುಗಳನ್ನು ಬಹಳ ನಿಧಾನಗೊಳಿಸಿ ಹೊಸ ಶಬ್ದಗಳನ್ನು ಸೃಷ್ಟಿಸುವವರಿಗೆ ಹೆಚ್ಚಿನ ದರದಿಂದ ಪ್ರಯೋಜನವುಂಟು. ಗಮಕಕ್ಕೆ ಅದು ಅನಗತ್ಯ.

ಬಿಟ್ಟಿನ ವಿಷಯ ಹಾಗಲ್ಲ. ದರವು ಎಷ್ಟು ಸಲ ಅಳೆಯುತ್ತೇವೆಂಬುದಾದರೆ, ಬಿಟ್ ಎಂಬುದು ಅಳೆಯುವ ಪಟ್ಟಿಯಲ್ಲಿ ಎಷ್ಟು ಗೆರೆಗಳಿವೆ ಎಂಬುದು. 16 ಬಿಟ್ಟಿನ ಪಟ್ಟಿಗೆ 65,536 ಗೆರೆ. 24 ಬಿಟ್ಟಿನದಕ್ಕೆ 1,67,77,216. ಪ್ರಯೋಗಶಾಲೆಯಲ್ಲಿ ಸಾಮಾನ್ಯ ಸ್ಕೇಲಿನಿಂದ ವರ್ನಿಯರ್ ಕ್ಯಾಲಿಪರ್ಸಿಗೆ ಹೋದಂತೆ. ಮೊದಲನೆಯದರಲ್ಲಿ ಅತಿ ಮೆಲುವಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಎರಡನೆಯದು ಕಾಗದದ ಮೇಲೆ 144 ಡೆಸಿಬೆಲ್. ಒಳ್ಳೆಯ ಪೆಟ್ಟಿಗೆಗಳಲ್ಲಿ ನಿಜವಾಗಿ ದಕ್ಕುವುದು 110ರಿಂದ 120. ಇದರ ಅನುಕೂಲವೆಂದರೆ, ಜೋರು ಬಂದಾಗ ದನಿ ಒಡೆಯದಂತೆ ಮಟ್ಟವನ್ನು ಸಾಕಷ್ಟು ಕೆಳಗಿಟ್ಟುಕೊಂಡು ಮುದ್ರಿಸಬಹುದು. ಆಮೇಲೆ ಏರಿಸಿದರೆ ಹಾನಿಯಿಲ್ಲ. ಆದ್ದರಿಂದ 24 ಬಿಟ್ ಇರಲಿ. ಇಂದು ಸಾಧಾರಣ ಬೆಲೆಯ ಪೆಟ್ಟಿಗೆಗಳಲ್ಲೂ ಅದು ಇದ್ದೇ ಇರುತ್ತದೆ.

ಹಾಗಿದ್ದರೆ ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ವ್ಯತ್ಯಾಸ ಎಲ್ಲಿ? ಗೆರೆಗಳು ಎಷ್ಟು ಸೂಕ್ಷ್ಮವಾಗಿದ್ದರೇನು, ಅಳೆಯುವವನ ಕೈ ನಡುಗಿದರೆ? ಇಲ್ಲಿ ಕೈ ಎಂದರೆ ಪ್ರೀಆಂಪ್, ಮೈಕಿನ ಕ್ಷೀಣ ಸಂಕೇತವನ್ನು ಅಳತೆಗೆ ಮೊದಲು ಹಿಗ್ಗಿಸುವ ಭಾಗ. ಅದರ ಗುಣ ಡಬ್ಬದ ಮೇಲಿನ ದೊಡ್ಡ ಅಕ್ಷರಗಳಲ್ಲಿ ಇರುವುದಿಲ್ಲ. ಕೈಪಿಡಿಯ ಕೊನೆಯ ಪುಟಗಳಲ್ಲಿ ಈಕ್ವಿವಲೆಂಟ್ ಇನ್‌ಪುಟ್ ನಾಯ್ಸ್ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಮೈನಸ್ 127, 128 ಡಿಬಿಯು ಎಂದಿದ್ದರೆ ಉತ್ತಮ. ಮೈಕಿನಂತಹ 150 ಓಮ್ ರೋಧವೊಂದರಲ್ಲಿ ಕೋಣೆಯ ಉಷ್ಣತೆಗೇ ಎಲೆಕ್ಟ್ರಾನುಗಳು ಎಬ್ಬಿಸುವ ಗದ್ದಲ ಸುಮಾರು ಮೈನಸ್ 131. ಯಾವ ಕಂಪೆನಿಯೂ ಆ ಗದ್ದಲವನ್ನು ತೆಗೆದುಹಾಕಲಾರದು. ಈ ಗದ್ದಲವನ್ನು ಜಾನ್ಸನ್ ಅಳೆದರು. ಅದರ ಕಾರಣವನ್ನು ಗಣಿತದಿಂದ ವಿವರಿಸಿದವರು ಮೇಲೆ ಹೇಳಿದ ಅದೇ ನೈಕ್ವಿಸ್ಟ್, ಅದೇ 1928ರಲ್ಲಿ.

ಇದು ಪುಸ್ತಕದ ಮಾತಲ್ಲವೆಂಬುದನ್ನು ಅತ್ತೆಯವರ ದನಿಯೇ ತೋರಿಸಿಕೊಟ್ಟಿತು. ನನ್ನ ವಿದ್ಯಾರ್ಥಿ ತನ್ನ ಸಂಗಡಿಗರಿಂದ ಎರಡೆರಡು ಮೈಕಿನ ಎರಡು ಪೆಟ್ಟಿಗೆಗಳನ್ನು ಎರಡು ದಿನದ ಮಟ್ಟಿಗೆ ತಂದ. ಎರಡರ ಡಬ್ಬದ ಮೇಲೂ 24 ಬಿಟ್, 192 ಕಿಲೋಹರ್ಟ್ಸ್ ಎಂದೇ ಇತ್ತು. ಮೈಕು ಒಂದೇ, ಅವನು ವೇದಿಕೆಯಲ್ಲಿ ಬಳಸುತ್ತಿದ್ದ ಡೈನಮಿಕ್ ಮೈಕು. ಅತ್ತೆಯವರನ್ನು ಉದ್ಯೋಗಪರ್ವದಿಂದ ಒಂದಷ್ಟು ವಾಚಿಸಿರೆಂದು ಕೇಳಿಕೊಂಡೆವು. ಕೌರವನ ಸಭೆಯ ಪದ್ಯಗಳಲ್ಲಿ ಎರಡು ಪೆಟ್ಟಿಗೆಗಳಿಗೂ ಭೇದ ಕಾಣಲಿಲ್ಲ. ಮುದುಕಮ್ಮನವರ ದನಿ ಅಲ್ಲಿ ಇನ್ನೂ ಕಂಚೇ. ಕುಂತಿ ಕರ್ಣನನ್ನು ಕಾಣಲು ಬರುವ ಭಾಗಕ್ಕೆ ಬಂದಾಗ ಅವರು ದನಿಯನ್ನು ತಗ್ಗಿಸಿ ತಗ್ಗಿಸಿ ಪಿಸುಮಾತಿಗೆ ತಂದರು. ತಾಯಿಯೊಬ್ಬಳು ತಾನು ತೊರೆದ ಮಗನೆದುರು ಗಟ್ಟಿಯಾಗಿ ಮಾತನಾಡಲಾರಳು ಎಂಬುದು ಅವರ ಐವತ್ತು ವರ್ಷದ ವಾಚನದ ತಿಳಿವಳಿಕೆ. ಆ ಭಾಗವನ್ನು ಕೇಳಿಸಿಕೊಳ್ಳಲು ಮಟ್ಟ ಏರಿಸಿದೆವು. ಒಂದು ಪೆಟ್ಟಿಗೆಯಲ್ಲಿ ಕುಂತಿಯ ಹಿಂದೆ ಮಳೆ ಸುರಿಯುತ್ತಿರುವಂತೆ ಸೊಯ್ಯೆಂಬ ಸದ್ದು. ಇನ್ನೊಂದರಲ್ಲಿ ಕುಂತಿ ಮಾತ್ರ. ನನ್ನ ವಿದ್ಯಾರ್ಥಿ ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಎಂಟು ತೂತಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅಂದು ನನಗೆ ನೆನಪಾದವರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ, ನಮ್ಮ ದೇಶದ ಧ್ವನಿಮುದ್ರಣದ ಆರಂಭದಲ್ಲೇ ಹೆಸರಾದ ಆ ಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ; 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಮೊದಲು ಹಾಡಿದಾಗ ಮೈಕೇ ಇರಲಿಲ್ಲ. ಒಂದು ದೊಡ್ಡ ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕು, ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೂರು ನಿಮಿಷದೊಳಗೆ ಎಲ್ಲ ಮುಗಿಯಬೇಕು. ವಿದ್ಯುತ್ ಮೈಕಿನ ಮುದ್ರಣ ಬಳಕೆಗೆ ಬಂದದ್ದು 1925ರ ನಂತರ. ಆ ಕಹಳೆಗೆ ಪಿಸುಮಾತು ಕೇಳಿಸುತ್ತಿರಲಿಲ್ಲ, ಆದ್ದರಿಂದ ಆ ಕಾಲದ ಗಾಯಕರ ಪಿಸುಮಾತು ನಮಗೆ ಉಳಿದಿಲ್ಲ. ಇಂದು ಉಳಿಸಿಕೊಳ್ಳಬಹುದಾದರೆ ಅದನ್ನು ಉಳಿಸಬಲ್ಲ ಪೆಟ್ಟಿಗೆಯನ್ನೇ ಕೊಳ್ಳಬೇಕು. ನಿಮ್ಮ ಗಾಯಕರ ಅತ್ಯಂತ ಮೆಲುದನಿಯಿಂದ ಕಾರ್ಡನ್ನು ಪರೀಕ್ಷಿಸಿ. ಜೋರು ದನಿಯಲ್ಲಿ ಎಲ್ಲ ಕಾರ್ಡುಗಳೂ ಒಳ್ಳೆಯವೇ.

ಇನ್ನೊಂದು ಗುಣ ಅತ್ತೆಯವರಿಗೆ ಬೇಕಿರಲಿಲ್ಲವಾದರೂ ಅಳಿಯನಿಗೆ ಬಹಳ ಬೇಕಿತ್ತು. ಅದು ವಿಳಂಬ. ಕಂಪ್ಯೂಟರ್ ಧ್ವನಿಯ ಅಂಕಿಗಳನ್ನು ಒಂದೊಂದಾಗಿ ಸ್ವೀಕರಿಸುವುದಿಲ್ಲ, ಬುಟ್ಟಿಯಲ್ಲಿ ತುಂಬಿ ತುಂಬಿ ಒಯ್ಯುತ್ತದೆ. 48 ಕಿಲೋಹರ್ಟ್ಸಿನಲ್ಲಿ 1,024 ಅಂಕಿಗಳ ಬುಟ್ಟಿ ತುಂಬಲು ಸುಮಾರು 21 ಮಿಲಿಸೆಕೆಂಡು. 128ರ ಬುಟ್ಟಿಗೆ 3ಕ್ಕೂ ಕಡಿಮೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ 21 ಮಿಲಿಸೆಕೆಂಡೆಂದರೆ ಪಕ್ಕವಾದ್ಯದವರನ್ನು 7 ಮೀಟರ್ ದೂರ ಕೂರಿಸಿದಂತೆ. ಒಳಗೆ ಹೋಗುವಾಗೊಂದು, ಹೊರಗೆ ಬರುವಾಗೊಂದು ಬುಟ್ಟಿಯಿರುವುದರಿಂದ ನಿಜವಾದ ವಿಳಂಬ ಇನ್ನೂ ಹೆಚ್ಚು. ಕೀಬೋರ್ಡಿನ ಮನೆ ಒತ್ತಿ, ಕಂಪ್ಯೂಟರಿನೊಳಗಣ ಸಾಫ್ಟ್‌ವೇರ್ ವಾದ್ಯದ ಸ್ವರ ಬರುವುದನ್ನು ಕಾಯುವವನಿಗೆ ಇದು ತಾಳಭಂಗವೇ ಸರಿ. ವಿಂಡೋಸಿನಲ್ಲಿ ಇದಕ್ಕೆ ಮದ್ದೆಂದರೆ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಆಸಿಯೊ ಎಂಬ ವ್ಯವಸ್ಥೆ. ಪೆಟ್ಟಿಗೆ ತಯಾರಿಸಿದವರೇ ಅದಕ್ಕೆ ಒಳ್ಳೆಯ ಆಸಿಯೊ ಡ್ರೈವರ್ ಬರೆದಿರಬೇಕು. ಈಗಲೂ ಅದನ್ನು ನವೀಕರಿಸುತ್ತಿರಬೇಕು. ಬರಿಯ ಹಾಡುಗಾರಿಕೆಯಾದರೆ ಪೆಟ್ಟಿಗೆಯಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿಯಿದ್ದರೂ ಸಾಕು. ಅದು ಗಾಯಕರ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕಳುಹಿಸುತ್ತದೆ.

ಡ್ರೈವರಿನ ಮಾತು ಬಂದುದರಿಂದ ಹಳೆಯ ಪೆಟ್ಟಿಗೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಪಿ.ಸಿ.ಐ. ಸೀಳುಗಂಡಿಯ ಕಾರ್ಡುಗಳೂ ಫೈರ್‌ವೈರ್ ತಂತಿಯ ಪೆಟ್ಟಿಗೆಗಳೂ ಅಗ್ಗಕ್ಕೆ ಸಿಗುತ್ತವೆ. ಅವು ತಮ್ಮ ಕಾಲದಲ್ಲಿ ಒಳ್ಳೆಯ ಕೆಲಸ ಮಾಡಿದವು. ಹೊಸ ಲ್ಯಾಪ್‌ಟಾಪುಗಳಲ್ಲಿ ಅವನ್ನು ಜೋಡಿಸುವ ಜಾಗವೇ ಇಲ್ಲ.

ನಮ್ಮ ಊರುಗಳಿಗೆ ಸಂಬಂಧಿಸಿದ ಇನ್ನೆರಡು ಸಂಗತಿಗಳನ್ನು ವಿದೇಶದ ವಿಮರ್ಶಕರು ಸಾಮಾನ್ಯವಾಗಿ ಬರೆಯುವುದಿಲ್ಲ. ಒಂದು ಕರೆಂಟು. ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ ಪಡೆಯುವ ಚಿಕ್ಕ ಪೆಟ್ಟಿಗೆ, ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ನಡೆಯುತ್ತದೆ. ಎಂಟು ಮೈಕಿನ ದೊಡ್ಡವಕ್ಕೆ ಹೆಚ್ಚಾಗಿ ಗೋಡೆಯ ಪ್ಲಗ್ಗೇ ಬೇಕು. ಎರಡು ಅರ್ತಿಂಗು. ಹಳೆಯ ಮನೆಗಳಲ್ಲಿ ಅರ್ತ್ ತಂತಿ ಹೆಸರಿಗೆ ಮಾತ್ರ ಇರುತ್ತದೆ. ಮುದ್ರಣದಲ್ಲಿ 50 ಹರ್ಟ್ಸಿನ ಗುಂಯ್ ಎಂಬ ನಾದ ಷಡ್ಜಕ್ಕೆ ಪೈಪೋಟಿಯಾಗಿ ನಿಲ್ಲುತ್ತದೆ. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಗುಂಯ್ ನಿಂತರೆ ಕಾರ್ಡನ್ನು ಬೈಯದೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಅಂತೂ ಲೆಕ್ಕ ಹೀಗಾಯಿತು. ಸದ್ದಿಲ್ಲದ ಪ್ರೀಆಂಪಿನ ಎರಡು ಮೈಕಿನ ಪೆಟ್ಟಿಗೆ 17,000. ಅತ್ತೆಯವರಿಗೆಂದು ಒಂದು ಒಳ್ಳೆಯ ಕಂಡೆನ್ಸರ್ ಮೈಕು 18,000. ವ್ಯಾಖ್ಯಾನಕ್ಕೆ ಡೈನಮಿಕ್ ಮೈಕು ಮನೆಯಲ್ಲಿಯೇ ಇತ್ತು. ಹೆಡ್‌ಫೋನು 7,500. ಸ್ಟ್ಯಾಂಡು, ಕೇಬಲ್ಲುಗಳು 5,000. ಎರಡು ಡಿಸ್ಕುಗಳು 9,000. ಒಟ್ಟು 56,500. ಉಳಿದ 13,500ನ್ನು ಅವನು ಅಂದೇ ಬಳೆಯ ಸಾಲಕ್ಕೆ ಕಟ್ಟಿ ಬಂದ. ಕೋಣೆಯ ಅನುರಣನಕ್ಕೆ ಮನೆಯ ಹತ್ತಿಯ ಹಾಸಿಗೆಗಳೂ ಕೌದಿಗಳೂ ಸಾಕಾದವು. ಹೆಡ್‌ಫೋನ್ ಹಾಕಿಕೊಳ್ಳಲು ಅತ್ತೆಯವರು ಸುತರಾಂ ಒಪ್ಪದ ಕಾರಣ ಶ್ರುತಿಪೆಟ್ಟಿಗೆಯನ್ನು ಮೈಕಿನ ಬೆನ್ನ ಹಿಂದೆ ಇಟ್ಟೆವು. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವಿ ಮಂದ.

ಐದು ವಾರಗಳಲ್ಲಿ ಹನ್ನೊಂದು ಬೈಠಕ್, ಒಟ್ಟು ಸುಮಾರು 9 ಗಂಟೆಯ ವಾಚನ ಮತ್ತು ವ್ಯಾಖ್ಯಾನ. 24 ಬಿಟ್, 48 ಕಿಲೋಹರ್ಟ್ಸಿನಲ್ಲಿ ಎರಡು ಮೈಕಿಗೆ ಗಂಟೆಗೆ ಒಂದು ಗಿಗಾಬೈಟಿನಷ್ಟು. ಎಲ್ಲವೂ 10 ಗಿಗಾಬೈಟಿನೊಳಗೆ ಮುಗಿಯಿತು. ಎರಡು ಬಾರಿ ಕರೆಂಟು ಹೋಯಿತು, ಮುದ್ರಣ ನಿಲ್ಲಲಿಲ್ಲ. ಎರಡು ದಿನ ಕೆಮ್ಮಿನಿಂದ ಏನೂ ಆಗಲಿಲ್ಲ. ಹೊರಡುವ ಹಿಂದಿನ ದಿನ ಅತ್ತೆಯವರಿಗೆ ಕುಂತಿಯ ಭಾಗವನ್ನು ಕೇಳಿಸಿದೆವು. ಅಂದು ಹೆಡ್‌ಫೋನಿಗೆ ಒಪ್ಪಿದರು. ಕೇಳಿ ಮುಗಿಸಿ, "ಮೇಷ್ಟ್ರೇ, ನಾನು ಉಸಿರು ತಗೊಳ್ಳೋದೂ ಕೇಳ್ತದಲ್ರೀ. ಅಷ್ಟು ಕಷ್ಟಪಡ್ತಿದೀನಾ ನಾನು?" ಎಂದರು. ಅಳಿಯ ಆ ಉಸಿರನ್ನು ಸಾಫ್ಟ್‌ವೇರಿನಿಂದ ಅಳಿಸಬಹುದೆಂದ. "ಬೇಡ, ಇರಲಿ ಬಿಡು" ಎಂದರು.

ಒಂದು ಡಿಸ್ಕು ಈಗ ಪುಣೆಯಲ್ಲಿದೆ, ಇನ್ನೊಂದು ಇಲ್ಲಿ. ಸ್ಟುಡಿಯೋಗೆ ಎರಡು ಶಾಲೆಗಳ ಪ್ರಾರ್ಥನಾಗೀತೆ ಮತ್ತು ಒಂದು ಭಜನಾ ಮಂಡಳಿಯ ಕೆಲಸ ಬಂದಿದೆ. ಬಳೆಗಳು ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ.

ಇನ್ನು ಫೋನು ಮಾಡಬೇಕೆಂದಿರುವವರು ಮೊದಲು ಕಾಗದದ ಮೇಲೆ ಇಷ್ಟನ್ನು ಬರೆದುಕೊಳ್ಳಿ. ಒಮ್ಮೆಗೆ ಎಷ್ಟು ಮೈಕು ಬೇಕು? ಮುದ್ರಿಸಬೇಕಾದ ಅತ್ಯಂತ ಮೆಲ್ಲನೆಯ ದನಿ ಯಾವುದು? ಸಾಫ್ಟ್‌ವೇರ್ ವಾದ್ಯ ನುಡಿಸುವುದುಂಟೇ? ನಿಮ್ಮ ಕಂಪ್ಯೂಟರಿಗೆ ಒಪ್ಪುವ ಡ್ರೈವರ್ ಉಂಟೇ? ಪೆಟ್ಟಿಗೆ ಕೊಂಡ ಮೇಲೆ ಮೈಕಿಗೆ ಎಷ್ಟು ಹಣ ಉಳಿಯುತ್ತದೆ? ಉತ್ತರ ಬರೆಯುವಷ್ಟರಲ್ಲಿ ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಸಲಹೆಯೇ ಬೇಕಾಗುವುದಿಲ್ಲ. ಉಳಿದವರು ಧಾರಾಳವಾಗಿ ಕೇಳಬಹುದು. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಬಿಟ್ಟು.